ಹಗೇವಿನಲ್ಲಿ ಬೆಳೆದ ಹರಳು

ಕೊಟ್ಟೂರಿನಲ್ಲಿ ಬೆಳಕು ಹರಿಯುವ ಮುಂಚೆ ಎದ್ದು ಓಡಾಡುವವರು ಯಾರು ಯಾರೆಂಬುದು ಊರಿಗೆ ಗೊತ್ತು. ಹಾಲಿನವರು, ಹೊಸಪೇಟೆಯ ಮೊದಲ ಬಸ್ಸು ಹಿಡಿಯುವವರು, ಸಂತೆಗೆ ಕುರಿ ಹೊಡೆದುಕೊಂಡು ಹೊರಟವರು. ಇವರ ನಡುವೆ ಸೆರಗನ್ನು ಸೊಂಟಕ್ಕೆ ಬಿಗಿದು, ಕೈಚೀಲ ಹಿಡಿದು, ಕಾಲೇಜಿನ ಗೇಟಿನತ್ತ ಬಿರಬಿರನೆ ನಡೆಯುವ ಗಂಗಾಂಬಿಕಾ ಮೇಡಂ ಮಾತ್ರ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಪಾಠ ಶುರುವಾಗುವುದು ಹತ್ತೂವರೆಗೆ. ಅಷ್ಟು ಹೊತ್ತಿಗೆ ಮೇಡಂ ಅವರ ನಿಜವಾದ ಕೆಲಸ ಮುಗಿದಿರುತ್ತದೆ.

ಇದು ೨೦೦೩ರ ಫೆಬ್ರುವರಿಯ ಮೊದಲ ವಾರದ ಒಂದು ಬೆಳಗು. ರಸಾಯನಶಾಸ್ತ್ರ ವಿಭಾಗದ ಹಿಂದಿನ ತಗಡಿನ ಕೋಣೆಯ ಬೀಗವನ್ನು ಅಟೆಂಡರ್ ಹುಲುಗಣ್ಣ ಕೆಮ್ಮುತ್ತ ತೆಗೆಯುತ್ತಾನೆ. ಮೇಡಂ ಅಗಲ ಬಾಯಿಯ ಬಾಟಲಿಯನ್ನು ಕಪಾಟಿನಿಂದ ಎರಡೂ ಕೈಯಲ್ಲಿ ಇಳಿಸುತ್ತಾರೆ, ಕೂಸನ್ನು ಎತ್ತಿಕೊಂಡಂತೆ. ಒಳಗೆ ನೀರು, ನೀರಿನ ತಳದಲ್ಲಿ ಮೇಣದಬತ್ತಿಯ ಮೋಟಿನಂಥದೊಂದು ಹಳದಿ ತುಂಡು. ಬಿಳಿ ರಂಜಕ. ಹೆಸರಿನಲ್ಲಷ್ಟೇ ಬಿಳಿ. ಇಕ್ಕಳದಲ್ಲಿ ಅದನ್ನು ಹಿಡಿದು ಬೋಗುಣಿಯ ನೀರಿಗೆ ಜಾರಿಸಿ, ನೀರೊಳಗೇ ಚಾಕುವಿನಿಂದ ಕೊಯ್ಯುತ್ತಾರೆ. ಬೆಳ್ಳುಳ್ಳಿಯಂಥ ವಾಸನೆ ಕೋಣೆ ತುಂಬುತ್ತದೆ.

‘ಗಾಳಿಗೆ ಬಂತಂದ್ರ ಹೊಗಿ ಆಡ್ತೈತ್ರಿ. ಮೂವತ್ತು ಡಿಗ್ರಿ ದಾಟಿತಂದ್ರ ತಾನ ಹತ್ತಿಕೊಳ್ತೈತಿ. ನಮ್ಮೂರಾಗ ಮೂವತ್ತು ಡಿಗ್ರಿ ಅಂದ್ರ ಥಂಡಿ’ ಎನ್ನುತ್ತಾರೆ ಮೇಡಂ, ಕಣ್ಣನ್ನು ಚಾಕುವಿನಿಂದ ತೆಗೆಯದೆ. ‘ಅದಕ್ಕ ಈ ಹೊತ್ತು. ತಗಡು ಕಾದ ಮ್ಯಾಲ ನಾ ಈ ಬಾಟ್ಲಿ ಮುಟ್ಟಾಂಗಿಲ್ಲ.’

‘ಮುಟ್ಟಿದ್ರ ನಾನಿಲ್ಲಿ ನಿಲ್ಲಾಂಗಿಲ್ಲ’ ಎಂದು ಬಾಗಿಲ ಬಳಿಯಿಂದ ಹುಲುಗಣ್ಣ ಸೇರಿಸುತ್ತಾನೆ.

ಇದು ಬಾಟಲಿಯ ಕೊನೆಯ ತುಂಡು. ಇದರಿಂದ ಇಂದು ತಯಾರಾಗುವ ವಸ್ತು ಹರಳುಗಟ್ಟಬೇಕು, ಆ ಹರಳು ಯುಗಾದಿಯೊಳಗೆ ಬೆಂಗಳೂರಿನ ಎಕ್ಸ್‌ರೇ ಯಂತ್ರದ ಮುಂದೆ ನಿಲ್ಲಬೇಕು. ಇಲ್ಲದಿದ್ದರೆ ತೊಂಬತ್ತಾರರಿಂದ ಪಾಠದ ಆಚೆ ಈಚೆ ಸಮಯ ಕದ್ದು ಮಾಡಿದ ಸಂಶೋಧನೆ ರದ್ದು. ಪಿಎಚ್.ಡಿ. ಪ್ರಬಂಧದ ಕರಡು ಓದಿದ ತಜ್ಞರೊಬ್ಬರು ಬರೆದಿದ್ದಾರೆ: ಇಷ್ಟು ಬಿಸಿಲಿನ ಊರಿನಲ್ಲಿ, ಇಷ್ಟೇ ಸಲಕರಣೆಯಲ್ಲಿ ಈ ಸಂಯುಕ್ತ ತಯಾರಾಗಿದೆ ಎಂಬುದೇ ಅನುಮಾನ, ಹರಳಿನ ಒಳಚಿತ್ರ ತೋರಿಸಿದರೆ ಮಾತ್ರ ಒಪ್ಪಿಗೆ. ನೋಂದಣಿಯ ಅವಧಿಯನ್ನು ಇನ್ನು ವಿಸ್ತರಿಸಲಾಗದು ಎಂದು ವಿಶ್ವವಿದ್ಯಾಲಯವೂ ತನ್ನ ಪಾಲಿನದನ್ನು ಸೇರಿಸಿದೆ.

ಮೇಡಂಗೆ ಸಿಟ್ಟಿಲ್ಲ. ‘ಹರಳು ಕೇಳಿದ್ದು ತಪ್ಪಲ್ರಿ. ಅವರ ಜಾಗಾದಾಗ ನಾನಿದ್ರೂ ಕೇಳ್ತಿದ್ದೆ. ಆದ್ರ ಊರಿನ ಬಿಸಿಲು ಯಾಕ ತೆಗೀಬೇಕಿತ್ತು? ಬಿಸಿಲು ನಮ್ಮದು, ನಾವು ನೋಡ್ಕೊಂತೀವಿ.’

ಗಂಗಾಂಬಿಕಾ ಹಡಗಲಿ ತಾಲ್ಲೂಕಿನ ಇಟ್ಟಿಗಿಯವರು. ಕೊಟ್ಟೂರಿಗೆ ಸೊಸೆಯಾಗಿ ಬಂದು, ಇಲ್ಲಿನ ಕಾಲೇಜಿನಲ್ಲೇ ೧೯೯೧ರಲ್ಲಿ ಉಪನ್ಯಾಸಕಿಯಾದರು. ಸೇರಿದ ವಾರವೇ ಸ್ಟೋರ್‌ರೂಮಿನ ಮೂಲೆಯಲ್ಲಿ ಈ ಬಾಟಲಿ ಕಂಡಿತು. ಎಂದೋ ಯಾರೋ ಪ್ರಯೋಗ ತೋರಿಸಲೆಂದು ತರಿಸಿ ಮರೆತದ್ದು. ನೀರು ಆವಿಯಾಗಿ, ರಂಜಕದ ನೆತ್ತಿಯ ಮೇಲೆ ಎರಡು ಬೆರಳಿನಷ್ಟು ಮಾತ್ರ ಉಳಿದಿತ್ತು. ಇನ್ನೊಂದು ಬೇಸಿಗೆ ಕಳೆದಿದ್ದರೆ ಸ್ಟೋರ್‌ರೂಮು ತಾನಾಗಿಯೇ ಪ್ರಯೋಗ ತೋರಿಸುತ್ತಿತ್ತು. ಅಂದಿನ ಪ್ರಿನ್ಸಿಪಾಲರು ಊರಾಚೆ ಹುಗಿಸಿಬಿಡಿ ಎಂದರು. ಹೊಸ ಉಪನ್ಯಾಸಕಿ ಬಾಟಲಿಗೆ ನೀರು ತುಂಬಿ, ಕಪಾಟಿಗೆ ಬೀಗ ಹಾಕಿ, ಕೀಲಿಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಹುಗಿಸುವ ಮಾತು ಮತ್ತೆ ಬರಲಿಲ್ಲ. ಪ್ರಿನ್ಸಿಪಾಲರಿಗೆ ಮರೆವಿನ ವರವಿತ್ತು.

ಆ ಮೇಲೆ ಊರು ಇವರಿಗೆ ‘ಬೆಂಕಿ ಮೇಡಂ’ ಎಂದು ಹೆಸರಿಟ್ಟಿತು. ಅದಕ್ಕೆ ಕಾರಣವೂ ಇದೆ. ಒಮ್ಮೆ ರಂಜಕದ ಸಾಸಿವೆಯಷ್ಟು ಚೂರು ಶೋಧಕ ಕಾಗದಕ್ಕೆ ಅಂಟಿ ಕಸದ ಬುಟ್ಟಿ ಸೇರಿತು. ಮಧ್ಯಾಹ್ನ, ಕಿರುಪರೀಕ್ಷೆ ನಡೆಯುತ್ತಿದ್ದಾಗ, ಬುಟ್ಟಿ ತಾನೇ ಹೊತ್ತಿಕೊಂಡಿತು. ಪರೀಕ್ಷೆ ಮುಂದೆ ಹೋಯಿತು. ಆ ತಂಡದ ವಿದ್ಯಾರ್ಥಿಗಳು ಈಗಲೂ ಮೇಡಂ ಎದುರು ಸಿಕ್ಕರೆ ಕೃತಜ್ಞತೆಯಿಂದ ಕೈಮುಗಿಯುತ್ತಾರೆ.

ಇಷ್ಟಕ್ಕೂ ಮೇಡಂ ಮಾಡುವುದೇನು? ಬಿ.ಎಸ್ಸಿ. ಎರಡನೇ ವರ್ಷದ ತರಗತಿಯಲ್ಲಿ ಅವರು ಅದನ್ನು ಹೇಳುವ ಬಗೆಯೇ ಬೇರೆ. ಬಿಳಿ ರಂಜಕದ ಒಂದು ಅಣುವೆಂದರೆ ನಾಲ್ಕು ಪರಮಾಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದು ನಿಂತ ಪುಟ್ಟ ಗೋಪುರ. ಕೆಳಗೆ ಮೂರು, ಮೇಲೆ ಒಂದು. ಹಿಡಿತವೇನೋ ಗಟ್ಟಿ, ಆದರೆ ಜಾಗ ಇಕ್ಕಟ್ಟು. ಸಣ್ಣ ಬಸ್ಸಿನ ಒಂದೇ ಸೀಟಿನಲ್ಲಿ ನಾಲ್ಕು ಮಂದಿ ಕೂತಂತೆ, ಪ್ರತಿಯೊಬ್ಬರಿಗೂ ಎದ್ದು ಹೋಗುವ ಆಸೆ. ಅದಕ್ಕೇ ಅದು ಗಾಳಿ ಕಂಡರೆ ಉರಿಯುವುದು. ಈ ಗೋಪುರದ ಬಳಿಗೆ ಸರಿಯಾದ ಲೋಹವನ್ನು ಸರಿಯಾಗಿ ಕರೆತಂದರೆ ಅದು ಉರಿಯುವ ಬದಲು ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ರಂಜಕಗಳು ಮೂರರ, ನಾಲ್ಕರ, ಐದರ ಬಳೆಗಳಾಗಿ, ಕೆಲವೊಮ್ಮೆ ಸರಪಳಿಗಳಾಗಿ ಲೋಹಕ್ಕೆ ಅಂಟಿಕೊಳ್ಳುತ್ತವೆ. ಹೀಗೆ ಲೋಹವನ್ನು ಹಿಡಿದ ರಂಜಕದ ಗುಂಪೇ ಬಹುರಂಜಕ ಲಿಗ್ಯಾಂಡ್.

‘ಹಳೇ ಮನಿಯಾಗ ನೆಲವು ನೋಡೀರಿಲ್ಲ?’ ಎಂದು ತರಗತಿಗೆ ಕೇಳುತ್ತಾರೆ. ತೊಲೆಯಿಂದ ಮೂರು ಹಗ್ಗದಲ್ಲಿ ಇಳಿಬಿಟ್ಟು ಮೊಸರಿನ ಗಡಿಗೆ ಇಡುವ ನೆಲವನ್ನು ಅರ್ಧ ತರಗತಿಯಾದರೂ ನೋಡಿರುತ್ತದೆ. ‘ಹಂಗ, ಮೂರು ಕೈ ಇರೋ ಒಂದು ಅಣು ಕೋಬಾಲ್ಟನ್ನ ಮ್ಯಾಲಿಂದ ಹಿಡಿದೈತಿ. ಗಡಿಗಿ ತಳ ಖಾಲಿ ಐತಿ. ಈಗ ಕೆಳಗ ಮೂರು ಒಲಿಗುಂಡು ಇಟ್ರಿ. ಗಡಿಗಿ ಕೂತ್ತು. ಆ ಮೂರು ಗುಂಡೇ ರಂಜಕ. ಗೋಪುರದ ತುದೀಗೆ ಇದ್ದದ್ದು ಜಾಗ ಬಿಟ್ಟೈತಿ, ಕೋಬಾಲ್ಟ್ ಅಲ್ಲಿ ಕೂತೈತಿ.’

ಇಟಲಿಯವರು ಎಪ್ಪತ್ತರ ದಶಕದಲ್ಲೇ ಇಂಥದ್ದನ್ನು ಮಾಡಿದ್ದರೆಂಬುದನ್ನು ಮೇಡಂ ಮುಚ್ಚಿಡುವುದಿಲ್ಲ. ಇವರದು ನೆಲವಿನ ಒಂದು ಹಗ್ಗ ಬೇರೆ. ಮೂರು ಕೈಗಳಲ್ಲಿ ಒಂದನ್ನು ಬದಲಿಸಿ ತಾವೇ ತಯಾರಿಸಿದ ಹಿಡಿಕೆ. ಅದು ಕೋಬಾಲ್ಟನ್ನು ಹಿಡಿದ ಮೇಲೂ ಕೆಳಗೆ ರಂಜಕದ ತ್ರಿಕೋನ ನಿಲ್ಲುತ್ತದೆಯೇ ಎಂಬುದೇ ಪ್ರಶ್ನೆ. ನಿಂತಿದೆ ಎಂದು ಇವರು, ಅನುಮಾನ ಎಂದು ತಜ್ಞರು. ಇದರಿಂದ ಲೋಕಕ್ಕೇನು ಲಾಭ ಎಂದರೆ ಅದಕ್ಕೂ ಉತ್ತರ ತಯಾರಿದೆ. ‘ರಂಜಕದ್ದು ಏನ ಮಾಡಬೇಕಂದ್ರೂ ಕಾರ್ಖಾನ್ಯಾಗ ಮೊದ್ಲು ಕ್ಲೋರಿನ್ ಜೋಡಿ ಕುಸ್ತಿ ಹಿಡಿಸ್ತಾರ್ರಿ. ವಿಷ, ಹೊಗಿ, ಎಲ್ಲಾ. ಲೋಹದ ಕೈಲೆ ರಂಜಕ ಸೀದಾ ಬಿಚ್ಚಾಕ ಕಲಿತಿವಂದ್ರ ಆ ಕುಸ್ತಿ ಬ್ಯಾಡ. ನಾಳೆನ ಆಗ್ತೈತಿ ಅಂತ ನಾ ಹೇಳಾಂಗಿಲ್ಲ.’

ಮನೆಯಲ್ಲಿ ರಂಜಕದ ವ್ಯವಹಾರ ಇನ್ನೊಂದೂ ಇದೆ. ಗಂಡ ಗುರುಬಸವರಾಜ ಅವರದು ಬಸ್‌ಸ್ಟ್ಯಾಂಡ್ ಹತ್ತಿರ ಗೊಬ್ಬರದ ಅಂಗಡಿ. ಡಿಎಪಿ ಚೀಲಕ್ಕೆ ಒರಗಿ ಕೂತು ಅವರು ಹೇಳುವುದು ಇಷ್ಟು: ‘ನಾನು ರಂಜಕ ಚೀಲಗಟ್ಲೆ ಮಾರ್ತೀನಿ. ಈಕಿ ಮೂರಽ ಮೂರು ಹಿಡ್ಯಾಕ ಏಳು ವರ್ಷ ತಗೊಂಡಾಳ. ವ್ಯಾಪಾರದ ಮಂದಿಗೆ ಈಕಿನ್ನ ಕೊಟ್ಟಿದ್ದ ತಪ್ಪು.’

‘ನಿಮ್ಮ ಚೀಲದಾಗಿಂದು ಸುಮ್ನ ಮಲಗಿರ್ತೈತಿ. ನಂದು ಎದ್ದು ಓಡಾಡ್ತೈತಿ’ ಎಂಬುದು ಮೇಡಂ ಉತ್ತರ. ಇದು ಅವರಿಬ್ಬರ ನಡುವೆ ವಾರಕ್ಕೊಮ್ಮೆಯಾದರೂ ನಡೆಯುವ ಸಂಭಾಷಣೆ. ಯಾರೂ ಸೋತ ದಾಖಲೆಯಿಲ್ಲ.

ತಜ್ಞರು ಕೇಳಿದ ಹರಳು ಕಳೆದ ಅಕ್ಟೋಬರಿನಲ್ಲೇ ಸಿದ್ಧವಾಗಬೇಕಿತ್ತು. ಸಿದ್ಧವಾಗುತ್ತಲೂ ಇತ್ತು. ಹರಳು ಬೆಳೆಸುವುದೆಂದರೆ ಮೊಸರಿಗೆ ಹೆಪ್ಪು ಹಾಕಿದಂತೆ. ಹಾಕುವವರೆಗೆ ನಿಮ್ಮ ಕೆಲಸ, ಆಮೇಲೆ ಮುಟ್ಟಕೂಡದು. ಸಂಯುಕ್ತ ಕರಗಿದ ದ್ರಾವಣದ ಮೇಲೆ ಅದು ಕರಗದಂಥ ಇನ್ನೊಂದು ದ್ರವವನ್ನು ತೆಳುವಾಗಿ ಹರಿಯಬಿಟ್ಟು, ಗಾಳಿಯಾಡದಂತೆ ಮುಚ್ಚಿ, ಕತ್ತಲಲ್ಲಿ ಇಡಬೇಕು. ಎರಡೂ ಪದರ ವಾರಗಟ್ಟಲೆ ಮೆಲ್ಲಗೆ ಒಂದರೊಳಗೊಂದು ಇಳಿಯುವಾಗ ಗಡಿಯಲ್ಲಿ ಹರಳು ಮೂಡುತ್ತದೆ. ಮೇಡಂ ಗಾಜಿನ ಬುರುಡೆಗೆ ಕರಿಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟಿದ್ದರು. ಮುಟ್ಟಬಾರದೆಂದು ಹುಲುಗಣ್ಣನಿಗೆ ಹೇಳಿಯೂ ಇದ್ದರು.

ಅಷ್ಟರಲ್ಲಿ ಆಯುಧಪೂಜೆ ಬಂತು.

ಆಯುಧಪೂಜೆಯ ದಿನ ಆ ಪ್ರಯೋಗಾಲಯದ ಪೂರ್ಣಾಧಿಕಾರ ಹುಲುಗಣ್ಣನದು. ತಕ್ಕಡಿ, ಬ್ಯುರೆಟ್ಟು, ಸ್ಪಿರಿಟ್ ದೀಪ, ನೀರೆತ್ತುವ ಮೋಟರು, ಎಲ್ಲವೂ ಮೈತೊಳೆದು, ವಿಭೂತಿ ಧರಿಸಿ, ಚೆಂಡುಹೂ ಮುಡಿದು ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೂ ಒಂದು ಹಾರ. ಮಧ್ಯದಲ್ಲಿ, ಎಲ್ಲಕ್ಕಿಂತ ದೊಡ್ಡ ಹೂವಿನೊಂದಿಗೆ, ಕರಿಬಟ್ಟೆ ಕಳಚಿದ ಆ ಬುರುಡೆ. ಫಳಫಳ ಹೊಳೆಯುತ್ತಿತ್ತು. ಒಳಗೆ ಎರಡು ಪದರವಿರಲಿಲ್ಲ. ಒಂದೇ ಕಲಕಿದ ದ್ರವ, ತಳದಲ್ಲಿ ಹಳದಿ ಹಿಟ್ಟು.

‘ಬುಚ್ಚು ತೆಗೆದಿಲ್ರಿ ಮೇಡಮ್ಮೋರ’ ಎಂದು ಹುಲುಗಣ್ಣ ಅಂದು ಹೇಳಿದ್ದನ್ನೇ ಈಗಲೂ ಹೇಳುತ್ತಾನೆ. ‘ಹೊರಗ ಅಷ್ಟ ತಿಕ್ಕಿದೆ. ತಳಕ್ಕ ಏನೋ ಹೊಲಸು ಕೂತಂಗ ಕಂಡ್ತು, ಸ್ವಲ್ಪ ಅಲುಗಾಡಿಸಿದೆ. ಎಲ್ಲಾ ಸಾಮಾನಿಗೂ ಪೂಜಿ ಮಾಡಿ, ನೀವು ಅಷ್ಟು ಜ್ವಾಪಾನ ಮಾಡಿದ್ದಕ್ಕ ಒಂದಕ್ಕ ಮಾಡ್ಲಿಲ್ಲಂದ್ರ ಹ್ಯಾಂಗ? ಮುಟ್ಟಬ್ಯಾಡ ಅಂದಿದ್ರಿ, ಖರೇ. ಪೂಜಿಗೂ ಮುಟ್ಟಬ್ಯಾಡ ಅಂದಿರ್ಲಿಲ್ಲ.’

ಹೊಲಸೆಂದು ಅವನು ಅಲುಗಾಡಿಸಿದ್ದೇ ಹರಳು. ಮೇಡಂ ಏನು ಮಾಡಿದರು? ಮಂಗಳಾರತಿ ತೆಗೆದುಕೊಂಡರು. ತೆಂಗಿನಕಾಯಿ ಒಡೆದರು. ಮಂಡಕ್ಕಿ ಹಂಚಿದರು. ಎಲ್ಲರೂ ಹೋದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡರು ಎಂದು ಹುಲುಗಣ್ಣ ಹೇಳುತ್ತಾನೆ. ಹಾಕಿಕೊಳ್ಳಲಿಲ್ಲ ಎಂದು ಮೇಡಂ. ಎರಡನೆಯ ಸಲ ಕಾಲೇಜಿನ ಫ್ರಿಜ್ಜಿನಲ್ಲಿ ಇಟ್ಟು ನೋಡಿದರು. ಕರೆಂಟು ಹೋಗಿ ಬಂದಾಗಲೆಲ್ಲ ಫ್ರಿಜ್ಜಿಗೆ ಮೈನಡುಕ. ಹರಳಿನ ಬದಲು ಮತ್ತೆ ಹಿಟ್ಟು. ಆ ಹೊತ್ತಿಗೆ ಬಾಟಲಿಯಲ್ಲಿ ಉಳಿದದ್ದು ಮೋಟು ತುಂಡು, ಮುಂದೆ ನಿಂತಿದ್ದು ಬೇಸಿಗೆ.

ಕತ್ತಲಿರಬೇಕು, ಅಲುಗಬಾರದು, ಹಗಲು ರಾತ್ರಿ ಒಂದೇ ಹದದ ತಂಪಿರಬೇಕು. ಇಂಥ ಜಾಗ ಕೊಟ್ಟೂರಿನಲ್ಲಿ ಎಲ್ಲಿದೆ? ಮೇಡಂ ಜನವರಿಯಿಡೀ ಇದೇ ಯೋಚನೆಯಲ್ಲಿದ್ದರು. ಒಂದು ಸಂಜೆ ಮನೆಯ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತ ಅತ್ತೆ ಮರುಳಸಿದ್ದಮ್ಮನ ಪಕ್ಕ ಕೂತವರು, ಅತ್ತೆ ಕೂತ ಚಾಪೆಯ ಕೆಳಗಿನ ಬಂಡೆಯನ್ನೇ ನೋಡತೊಡಗಿದರು.

ಆ ಬಂಡೆಯ ಕೆಳಗೆ ಹಗೇವು ಇದೆ. ಹಿಂದಿನವರು ಜೋಳ ತುಂಬಿ ವರ್ಷಗಟ್ಟಲೆ ಇಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ಕೋಣೆಯಷ್ಟು. ಮೇಲೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ಅದೇ ತಂಪು. ಜೋಳ ಚೀಲದಲ್ಲಿ ಬಂದು ಚೀಲದಲ್ಲೇ ಹೋಗತೊಡಗಿದ ಮೇಲೆ ಅದನ್ನು ಯಾರೂ ತೆರೆದಿಲ್ಲ.

‘ಅತ್ತಿ, ಸ್ವಲ್ಪ ಏಳ್ರಿ.’

‘ಯಾಕವ್ವ? ಚಾಪಿ ಮ್ಯಾಲ ಕುಂತದ್ದೂ ತಪ್ಪಾತೇನು?’

‘ಹಗೇವು ಬೇಕಾಗೇತಿ.’

ಮರುಳಸಿದ್ದಮ್ಮ ಸೊಸೆಯ ಮುಖ ನೋಡಿದರು. ‘ಜ್ವಾಳ ಎಲ್ಲೈತಿ?’

‘ಜ್ವಾಳಲ್ಲ. ನನ್ನ ರಂಜಕದ್ದು ಒಂದು ಬುಂಡಿ ಇಡಬೇಕು.’

‘ಮನಿ ಬುಡಕ್ಕ ಬೆಂಕಿ ಇಡ್ತೀನಂತಿ. ಗಂಡ ಏನಂತಾನ?’

‘ಅದು ಬೆಂಕಿ ಆಗಾಂಗಿಲ್ಲ ಅತ್ತಿ. ಲೋಹ ಹಿಡಿದ ಮ್ಯಾಲ ಅದು ತಣ್ಣಗ ಆಗೇತಿ.’

‘ಹಂಗಾರ ನಿನ್ನ ಗಂಡನಂಗ ಅನ್ನು’ ಎಂದು ಅತ್ತೆ ಎದ್ದು ಚಾಪೆ ಸುತ್ತಿದರು. ಆದರೆ ಷರತ್ತು ಹಾಕಿದರು. ಹಗೇವು ತೆರೆಯುವುದಕ್ಕೆ ಒಂದು ಕ್ರಮವಿದೆ, ಆ ಕ್ರಮ ಅವರು ಹೇಳಿದಂತೆ ನಡೆಯಬೇಕು. ಹಿಂದಿನ ದಿನವೇ ಬಂಡೆ ಸರಿಸಿ ಗಾಳಿಯಾಡಲು ಬಿಡಬೇಕು. ಮೊದಲು ಕಂದೀಲು ಇಳಿಸಬೇಕು. ಅದು ಆರಿದರೆ ಮನುಷ್ಯರು ಇಣುಕಲೂ ಕೂಡದು. ಮುಚ್ಚುವಾಗ ಖಾಲಿ ಹಗೇವು ಮುಚ್ಚಬಾರದು, ಒಂದು ಸೇರಾದರೂ ಜೋಳ ಒಳಗಿರಬೇಕು. ಮೊದಲ ಎರಡನ್ನು ಮೇಡಂ ವಿಜ್ಞಾನವೆಂದು ಒಪ್ಪಿದರು. ಮೂರನೆಯದನ್ನು ಅತ್ತೆಯೆಂದು ಒಪ್ಪಿದರು.

ಹೀಗೆ ಫೆಬ್ರುವರಿಯ ಆ ಬೆಳಿಗ್ಗೆ ಕೊಯ್ದ ಕೊನೆಯ ತುಂಡು, ನೈಟ್ರೋಜನ್ ಹರಿಯುವ ಗಾಜಿನೊಳಗೆ ಗುಲಾಬಿ ಬಣ್ಣದ ಕೋಬಾಲ್ಟ್ ದ್ರಾವಣದ ಜೊತೆ ಸೇರುತ್ತದೆ. ಬಣ್ಣ ಮೆಲ್ಲಗೆ ಕಂದಿಗೆ ತಿರುಗುತ್ತದೆ. ಸೋಸಿ, ಶುದ್ಧ ಮಾಡಿ, ಎರಡು ಪದರ ಹಚ್ಚಿ, ಬಾಯಿ ಬಿಗಿಯುವ ಹೊತ್ತಿಗೆ ಎರಡು ದಿನ ಕಳೆದಿವೆ. ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಬಂಡೆ ಸರಿದಿದೆ. ಇಳಿಸಿದ ಕಂದೀಲು ಆರದೆ ಉರಿಯುತ್ತದೆ. ಮರಳು ತುಂಬಿದ ಬುಟ್ಟಿಯ ನಡುವೆ ಬುರುಡೆಯನ್ನು ಹೂತು ಹಗ್ಗ ಕಟ್ಟಲಾಗಿದೆ. ಹಗ್ಗ ಹಿಡಿಯುವವರು ಯಾರೆಂಬ ಪ್ರಶ್ನೆ ಏಳುವ ಮುಂಚೆ ಹುಲುಗಣ್ಣ ಅಂಗಿಯ ತೋಳು ಮಡಚಿದ್ದಾನೆ.

‘ನೀ ಬ್ಯಾಡ ತಗಿ’ ಎಂದು ಗುರುಬಸವರಾಜ ಕೈ ಚಾಚುತ್ತಾರೆ.

‘ಬಿಡ್ರಿ ಸಾವ್ಕಾರ್ರ. ಕುರಿಮರಿ ಬಾವಿಯಿಂದ ಎತ್ತಿದ ಕೈ ಇದು. ನೀವು ಚೀಲ ಒಗದಂಗ ಒಗೀತೀರಿ.’

ಹುಲುಗಣ್ಣ ಬುಟ್ಟಿಯನ್ನು ಗೇಣು ಗೇಣಾಗಿ ಇಳಿಸುತ್ತಾನೆ. ಬುಟ್ಟಿ ತಳ ಮುಟ್ಟಿದ್ದು ಹಗ್ಗ ಸಡಿಲಾದಾಗಲೇ ಗೊತ್ತಾಗುವುದು. ಅತ್ತೆ ಜೋಳದ ಡಬ್ಬಿಯನ್ನು ಬೇರೆ ಹಗ್ಗದಲ್ಲಿ ಇಳಿಸಿ, ಬಂಡೆ ಮುಚ್ಚಿಸಿ, ಮಣ್ಣು ಮೆತ್ತಿಸುತ್ತಾರೆ. ಚಾಪೆ ಮತ್ತೆ ಅದರ ಮೇಲೆ. ಬಂದ ನೆಂಟರು ‘ಇಲ್ಲ್ಯಾಕ, ಒಳಗ ಬರ್ರಿ’ ಎಂದರೂ ಮರುಳಸಿದ್ದಮ್ಮ ಜಾಗ ಬಿಡುವುದಿಲ್ಲ. ಮಕ್ಕಳು ಪಡಸಾಲೆಯಲ್ಲಿ ಕುಣಿದರೆ ಗದರುತ್ತಾರೆ. ಸೊಸೆಯ ಪಿಎಚ್.ಡಿ.ಯ ಮೇಲೆ ಅಕ್ಷರಶಃ ಕಾವಲು ಕೂತ ಅತ್ತೆ ನಾಡಿನಲ್ಲಿ ಇನ್ನೊಬ್ಬರಿರಲಾರರು.

ಶಿವರಾತ್ರಿಯ ಮರುದಿನ ಬಂಡೆ ತೆಗೆಸುತ್ತಾರೆ. ಬುಟ್ಟಿ ಮೇಲೆ ಬರುತ್ತದೆ. ಮೇಡಂ ಮರಳು ಕೊಡವಿ, ಬಟ್ಟೆಯ ಅಂಚು ಒಂದಿಷ್ಟೇ ಸರಿಸಿ ನೋಡುತ್ತಾರೆ. ಗಾಜಿನ ಗೋಡೆಗೆ ಅಂಟಿಕೊಂಡು ನವಣೆಕಾಳಿನಷ್ಟು ಸಣ್ಣ, ಜೇನಿನ ಬಣ್ಣದ, ಮೂಲೆಗಳು ಚೂಪಾದ ಹರಳುಗಳು. ಮೇಡಂ ಬಟ್ಟೆ ಮುಚ್ಚಿ ಅತ್ತೆಯ ಕಾಲು ಮುಟ್ಟುತ್ತಾರೆ. ‘ಇದ್ಯಾಕ ಈಗ?’ ಎಂದು ಅತ್ತೆ ಕಾಲು ಹಿಂದೆಳೆದುಕೊಳ್ಳುತ್ತಾರೆ.

ಹರಳು ಕಂಡರೆ ಸಾಲದು. ಒಳಗೆ ಏನಿದೆಯೆಂಬುದು ಹೊರಗಿನ ಹೊಳಪಿನಿಂದ ತಿಳಿಯುವುದಿಲ್ಲ. ಹರಳಿನ ಮೂಲಕ ಎಕ್ಸ್‌ರೇ ಹಾಯಿಸಿ, ಆಚೆ ಬೀಳುವ ಚುಕ್ಕಿಗಳಿಂದ ಲೆಕ್ಕ ಹಾಕಿ, ಯಾವ ಪರಮಾಣು ಎಲ್ಲಿ ಕೂತಿದೆ ಎಂದು ಹೇಳುವವರು ಬೆಂಗಳೂರಿನಲ್ಲಿದ್ದಾರೆ. ಮಾರ್ಚಿ ನಡುವಿನ ಬಿಸಿಲಿನಲ್ಲಿ ಮೇಡಂ ಹಗಲಿನ ಬಸ್ಸಿನಲ್ಲಿ ಹೊರಡುತ್ತಾರೆ. ಹಿಂದಿನ ಸೀಟು ಕುಲುಕುತ್ತದೆಂದು ಮುಂದಿನ ಸೀಟು, ತೊಡೆಯ ಮೇಲೆ ಐಸ್ ತುಂಬಿದ ಅಗಲ ಬಾಯಿಯ ಥರ್ಮಾಸು.

‘ಏನ್ರಿ ಮೇಡಂ, ಐಸ್ ಕ್ರೀಮಾ?’ ಕಂಡಕ್ಟರ್ ಕೇಳುತ್ತಾನೆ.

‘ಹೌದು. ಕೋಬಾಲ್ಟಿಂದು.’

‘ಹೊಸಾದು ಬಂದೈತೇನು?’

‘ಇನ್ನೂ ಹೊರಗ ಬಂದಿಲ್ಲ. ನೋಡಾಕ ಒಯ್ಯಾಕತ್ತೀನಿ.’

ಎರಡು ವಾರ ಸುದ್ದಿಯಿಲ್ಲ. ಮೇಡಂ ಪಾಠ ಮಾಡುತ್ತಾರೆ, ಉತ್ತರಪತ್ರಿಕೆ ತಿದ್ದುತ್ತಾರೆ, ಫೋನು ಬಂತೇ ಎಂದು ಯಾರನ್ನೂ ಕೇಳುವುದಿಲ್ಲ. ಯುಗಾದಿಗೆ ಇನ್ನು ನಾಲ್ಕೈದು ದಿನವಿದ್ದಾಗ, ಗೊಬ್ಬರದ ಅಂಗಡಿಯ ಫೋನು ಬಡಿದುಕೊಳ್ಳುತ್ತದೆ. ತಂಬ್ರಹಳ್ಳಿ ಕಡೆಯ ರೈತರಿಬ್ಬರು ಯೂರಿಯಾದ ಮಾತಿನಲ್ಲಿದ್ದಾರೆ. ಆಚೆ ಮೇಡಂ ಅವರ ಮಾರ್ಗದರ್ಶಕರು. ಗುರುಬಸವರಾಜ ಒಂದು ಕಿವಿ ಮುಚ್ಚಿಕೊಂಡು, ಕೇಳಿದ್ದನ್ನು ಜೋರಾಗಿ ಹೇಳುತ್ತ ಗಟ್ಟಿಮಾಡಿಕೊಳ್ಳುತ್ತಾರೆ: ‘ಹೂಂ ಸರ್. ತ್ರಿಕೋನ ಐತಿ. ಮೂರೂ ಅದಾವ. ಮ್ಯಾಲ ಕೋಬಾಲ್ಟ್ ಕೂತೈತಿ. ಮೇಡಂ ಬರ್ದಂಗ ಐತಿ. ಹೇಳ್ತೀನಿ ಸರ್. ಈಗಿಂದೀಗ ಹೇಳ್ತೀನಿ.’

ಅಂಗಡಿಯನ್ನು ಯೂರಿಯಾದವರ ವಶಕ್ಕೆ ಬಿಟ್ಟು ಅವರು ಕಾಲೇಜಿನತ್ತ ಓಡುತ್ತಾರೆ. ಕೊಟ್ಟೂರಿನ ಪೇಟೆ ಅವರನ್ನು ಓಡುತ್ತಿರುವಾಗ ನೋಡಿದ್ದು ಅದೇ ಮೊದಲು. ತರಗತಿಯ ಬಾಗಿಲಲ್ಲಿ ನಿಂತು, ಏದುಸಿರಿನಲ್ಲಿ, ಮೂರು ಬೆರಳು ಎತ್ತಿ ತೋರಿಸುತ್ತಾರೆ. ಮೇಡಂ ಸೀಮೆಸುಣ್ಣ ಕೆಳಗಿಟ್ಟು, ‘ಪಾಠ ಮುಗೀಲಿ, ಬರ್ತೀನಿ’ ಎನ್ನುತ್ತಾರೆ. ಆಮೇಲೆ ಸೀಮೆಸುಣ್ಣ ಮತ್ತೆ ಎತ್ತಿಕೊಂಡು, ಬೋರ್ಡಿನ ಮೇಲೆ ಆಗಲೇ ಬರೆದಿದ್ದ ಸಾಲನ್ನೇ ಇನ್ನೊಮ್ಮೆ ಬರೆಯುತ್ತಾರೆ. ಹುಡುಗಿಯರ ಸಾಲು ಅದನ್ನು ಗಮನಿಸಿದೆ.

ಮಾರ್ಗದರ್ಶಕರು ಒಳಚಿತ್ರವನ್ನು ಫ್ಯಾಕ್ಸಿನಲ್ಲಿ ಕಳಿಸಿದ ಮೇಲೆ, ತಜ್ಞರ ಒಪ್ಪಿಗೆ ಯುಗಾದಿಯ ಮುನ್ನಾದಿನ ಬರುತ್ತದೆ, ಎರಡೇ ಸಾಲಿನಲ್ಲಿ. ಅದರ ಹಿಂದೆಯೇ ಚಿತ್ರದ ಒಂದು ಪ್ರತಿ ಟಪಾಲಿನಲ್ಲಿ ಬರುತ್ತದೆ. ಪಡಸಾಲೆಯಲ್ಲಿ ಬೇವು ಬೆಲ್ಲ ತಿನ್ನುತ್ತ ಮನೆಯವರೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಹುಲುಗಣ್ಣನೂ ಬಂದಿದ್ದಾನೆ, ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು ನೋಡುತ್ತಾನೆ. ಮರುಳಸಿದ್ದಮ್ಮ ಕನ್ನಡಕ ಹಾಕಿಕೊಂಡು ಚಿತ್ರದ ಮೇಲೆ ಬೆರಳಿಟ್ಟು ಎಣಿಸುತ್ತಾರೆ.

‘ಗಂಗಾ, ಇವು ಮೂರ ಅದಾವಲ್ಲ. ನಾಲ್ಕು ಇರ್ತಾವ ಅಂತಿದ್ದಿ. ಇನ್ನೊಂದೆಲ್ಲಿ ಹೋತು?’

ಗುರುಬಸವರಾಜ ನಗುತ್ತಾರೆ. ಮೇಡಂ ನಗುವುದಿಲ್ಲ. ಮಾರ್ಗದರ್ಶಕರೂ ಫೋನಿನಲ್ಲಿ ಇದನ್ನೇ ಕೇಳಿದ್ದಾರೆ, ಪ್ರಪಂಚದ ಪುಸ್ತಕಗಳಲ್ಲೂ ಇದಕ್ಕೆ ನೇರ ಉತ್ತರ ಸಿಕ್ಕಿಲ್ಲ. ಬಿಟ್ಟುಹೋದ ರಂಜಕ ಇನ್ನೊಂದು ಲೋಹವನ್ನು ಹಿಡಿಯಿತೋ, ತೊಳೆದ ನೀರಿನಲ್ಲಿ ಹೋಯಿತೋ, ಯಾರೂ ಬೆನ್ನಟ್ಟಿ ನೋಡಿಲ್ಲ.

‘ಗೊತ್ತಿಲ್ಲ ಅತ್ತಿ’ ಎನ್ನುತ್ತಾರೆ, ಚಿತ್ರವನ್ನು ವಾಪಸು ತೆಗೆದುಕೊಂಡು ನೆಟ್ಟಗೆ ಹಿಡಿದು. ‘ಈ ಮೂರು ಅದಾವೋ ಇಲ್ಲೋ ಅಂತ ಮಂದಿ ಕೇಳ್ತಿದ್ರು. ಅದಾವ. ಈಗ ಆ ಒಂದನ್ನ ಹುಡುಕೋದೈತಿ. ಸಿಗ್ತೈತಿ ಬಿಡ್ರಿ, ಎಲ್ಲಿಗೆ ಹೋಗ್ತೈತಿ.’